ಓಡುವವನಿಗಿಂತ ಮೊದಲು ದಾರಿ ಮಾಡುವವರು: ಮಕ್ಕಳ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಓಟದ ಆಟ ಕಲಿಸುವುದು ಹೇಗೆ?

ಆಗಸ್ಟ್ ಬಂತೆಂದರೆ ಅಮೆರಿಕದ ಊರೂರಿನ ಪಾರ್ಕುಗಳಲ್ಲಿ ತಲೆಗಿಂತ ದೊಡ್ಡ ಹೆಲ್ಮೆಟ್ ತೊಟ್ಟ ಮಕ್ಕಳು ಕಾಣಿಸುತ್ತಾರೆ. ಎಂಟೊಂಬತ್ತು ವರ್ಷದವರ ಈ ತಂಡಗಳಿಗೆ ಸಾಮಾನ್ಯವಾಗಿ ಸಂಬಳದ ಕೋಚ್ ಇರುವುದಿಲ್ಲ, ಅಪ್ಪಂದಿರೇ ಕೋಚ್‌ಗಳು. ನಾವಿರುವ ಟೆಕ್ಸಸ್‌ನ ಡಾಲಸ್ ಸುತ್ತಮುತ್ತ ಕನ್ನಡಿಗರ ಮಕ್ಕಳೂ ಈ ಆಟಕ್ಕೆ ಸೇರುತ್ತಿರುವುದರಿಂದ, ಕ್ರಿಕೆಟ್ಟು ಕಬಡ್ಡಿ ಆಡಿ ಬೆಳೆದ ನನ್ನಂಥವರನ್ನೂ 'ಸ್ವಲ್ಪ ಸಹಾಯ ಮಾಡ್ತೀರಾ?' ಎಂದು ಕೇಳುತ್ತಾರೆ. ನಾಲ್ಕು ಸೀಸನ್‌ಗಳಿಂದ ನಾನು ಈ ಕೆಲಸದಲ್ಲಿದ್ದೇನೆ. ಈ ವರ್ಷ ಹೊಸದಾಗಿ ಒಪ್ಪಿಕೊಂಡವರಿಗೆ ಹೇಳುವುದಿಷ್ಟು: ಮಕ್ಕಳ ತಂಡ ಚೆಂಡು ಎಸೆಯುವುದಕ್ಕಿಂತ ಚೆಂಡು ಹಿಡಿದು ಓಡುವ ಆಟವನ್ನೇ ಆಡಲಿ. ಅದನ್ನು ಕಲಿಸುವಾಗ ಚೆಂಡನ್ನು ಮುಟ್ಟದ ಮಕ್ಕಳಿಂದ ಶುರು ಮಾಡಿ.

ಓಟವೇ ಏಕೆ? ಲೆಕ್ಕ ಸರಳ. 10 ಯಾರ್ಡ್ ಮುಂದೆ ಹೋಗಲು ತಂಡಕ್ಕೆ 4 ಡೌನ್, ಅಂದರೆ ನಾಲ್ಕು ಯತ್ನ. ಒಂದೊಂದಕ್ಕೆ ಎರಡೂವರೆ ಯಾರ್ಡ್ ಬಂದರೆ ಸಾಕು. ಒಂಬತ್ತರ ಹುಡುಗ ಮುಂದಕ್ಕೆ ಬಿದ್ದರೆ ಅವನ ಮೈಯುದ್ದವೇ ಒಂದು ಯಾರ್ಡ್ ದಾಟುತ್ತದೆ. ಅದೇ ಚೆಂಡನ್ನು ಎಸೆಯಬೇಕಾದರೆ ಮುಂದಿನ ಸಾಲು ಎರಡು ಮೂರು ಸೆಕೆಂಡ್ ಎದುರಾಳಿಗಳನ್ನು ತಡೆಯಬೇಕು, ಪುಟ್ಟ ಕೈಯಿಂದ ಎಸೆತ ನೇರ ಹೋಗಬೇಕು, ಇನ್ನೊಂದು ಪುಟ್ಟ ಕೈ ಅದನ್ನು ಹಿಡಿಯಬೇಕು. ಆರರಿಂದ ಒಂಬತ್ತು ವರ್ಷದವರಿಗೆಂದೇ ಚಿಕ್ಕ ಅಳತೆಯ ಚೆಂಡು ಇದ್ದರೂ ಈ ಮೂರೂ ಒಟ್ಟಿಗೆ ಕೂಡಿಬರುವುದು ಅಪರೂಪ. ಎಸೆತದಲ್ಲಿ ಇಬ್ಬರಿಗೆ ಆಟ, ಉಳಿದವರಿಗೆ ನೋಟ. ಓಟದಲ್ಲಿ ಹನ್ನೊಂದೂ ಜನಕ್ಕೆ ಕೆಲಸವಿದೆ.

ಇದು ಆಟದ ಹಳೆಯ ರೂಪವೂ ಹೌದು. ಮುಂದಕ್ಕೆ ಎಸೆಯುವುದಕ್ಕೆ ನಿಯಮ ಅನುಮತಿ ಕೊಟ್ಟದ್ದೇ 1906ರಲ್ಲಿ. ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ ಮೂಲನಿವಾಸಿ ವಿದ್ಯಾರ್ಥಿಗಳ ಶಾಲೆಗೆ ಕೋಚ್ ಆಗಿದ್ದ ಗ್ಲೆನ್ 'ಪಾಪ್' ವಾರ್ನರ್, ಚೆಂಡು ಎಲ್ಲಿಗೆ ಹೋಗುತ್ತದೋ ಅಲ್ಲಿ ಎದುರಾಳಿಗಿಂತ ಒಬ್ಬಿಬ್ಬರು ಹೆಚ್ಚು ಇರುವಂತೆ ಆಟಗಾರರನ್ನು ನಿಲ್ಲಿಸುವ 'ವಿಂಗ್' ರಚನೆಗಳನ್ನು ರೂಪಿಸಿದರು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಜಿಮ್ ಥಾರ್ಪ್ ಅವರ ಶಿಷ್ಯ. 1929ರಲ್ಲಿ ಫಿಲಡೆಲ್ಫಿಯಾದಲ್ಲಿ ಶುರುವಾದ ಮಕ್ಕಳ ಲೀಗ್ 1934ರಲ್ಲಿ ಈ ವಾರ್ನರ್ ಹೆಸರನ್ನೇ ಇಟ್ಟುಕೊಂಡಿತು. ಇಂದಿಗೂ 'ಪಾಪ್ ವಾರ್ನರ್' ಎಂದರೆ ಇಲ್ಲಿ ಮಕ್ಕಳ ಫುಟ್‌ಬಾಲ್.

ನಿಲ್ಲಿಸುವ ಬಗೆ

ನಿಯಮದ ಪ್ರಕಾರ ಚೆಂಡು ಇಟ್ಟ ಗೆರೆಯ ಮೇಲೆ ಏಳು ಜನ ನಿಲ್ಲಬೇಕು. ನಡುವೆ ಸೆಂಟರ್, ಅವನ ಅಕ್ಕಪಕ್ಕ ಇಬ್ಬರು ಗಾರ್ಡ್, ಆಚೆ ಇಬ್ಬರು ಟ್ಯಾಕಲ್, ತುದಿಯಲ್ಲಿ ಇಬ್ಬರು ಟೈಟ್ ಎಂಡ್. ಸೆಂಟರ್ ಹಿಂದೆ ಅವನಿಂದ ಚೆಂಡು ಪಡೆಯುವ ಕ್ವಾರ್ಟರ್‌ಬ್ಯಾಕ್, ಅವನ ಬೆನ್ನಿಗೆ ಫುಲ್‌ಬ್ಯಾಕ್, ಎರಡೂ ಟೈಟ್ ಎಂಡ್‌ಗಳ ಹೊರಮೈಗೆ ಒಂದು ಹೆಜ್ಜೆ ಹಿಂದೆ ಒಬ್ಬೊಬ್ಬ ವಿಂಗ್‌ಬ್ಯಾಕ್. ಇದೇ ಡಬಲ್ ವಿಂಗ್. ಎಡಬಲ ಒಂದೇ ಥರ ಇರುವುದರಿಂದ ಮಕ್ಕಳು ಒಂದು ಕಡೆಯದನ್ನು ಕಲಿತರೆ ಇನ್ನೊಂದು ಕಡೆಯದೂ ಬಂದಂತೆ. ಸಾಲಿನವರ ಪಾದಗಳ ನಡುವೆ ಒಂದು ಗೇಣಿಗಿಂತ ಹೆಚ್ಚು ಜಾಗ ಬಿಡಬೇಡಿ. ಜಾಗ ಬಿಟ್ಟರೆ ಎದುರು ತಂಡದ ಚುರುಕು ಹುಡುಗನೊಬ್ಬ ಅದರಲ್ಲೇ ನುಸುಳಿ ಬಂದು ಎಲ್ಲವನ್ನೂ ಕೆಡಿಸುತ್ತಾನೆ.

ಯಾರನ್ನು ಎಲ್ಲಿ ನಿಲ್ಲಿಸಬೇಕು? ಹೊಸ ಕೋಚ್‌ಗಳು ಚುರುಕಾದವರನ್ನೆಲ್ಲ ಹಿಂದೆ ಓಡಲು ಇಟ್ಟು, ಉಳಿದವರನ್ನು ಸಾಲಿಗೆ ತುಂಬುತ್ತಾರೆ. ಮೊದಲ ವರ್ಷ ನಾನೂ ಅದನ್ನೇ ಮಾಡಿದೆ. ನಮ್ಮ ಓಟಗಾರ ಆ ವಯಸ್ಸಿನಲ್ಲಿ ಕಂಡುಕೇಳದಷ್ಟು ವೇಗದವನು, ಆದರೆ ಓಡಲು ದಾರಿಯೇ ಇರುತ್ತಿರಲಿಲ್ಲ. ಈಗ ಮೊದಲು ಸೆಂಟರ್ ಆರಿಸುತ್ತೇನೆ. ಸೋತರೂ ಗೆದ್ದರೂ ಮುಖ ಬದಲಾಗದ, ದಿನಾ ತಪ್ಪದೆ ಬರುವ ಹುಡುಗ ಬೇಕು, ಏಕೆಂದರೆ ಪ್ರತಿ ಆಟವೂ ಅವನ ಕೈಯಿಂದಲೇ ಹೊರಡುತ್ತದೆ. ಚೆಂಡು ಕ್ವಾರ್ಟರ್‌ಬ್ಯಾಕ್ ಕೈ ಸೇರದೆ ನೆಲಕ್ಕೆ ಬಿದ್ದರೆ ನಾಲ್ಕರಲ್ಲಿ ಒಂದು ಯತ್ನ ಹೋದ ಹಾಗೆ. ಆಮೇಲೆ ಗಾರ್ಡ್‌ಗಳು: ಇವರು ಕಾಲಲ್ಲಿ ಚುರುಕು, ಹೇಳಿದ್ದನ್ನು ನೆನಪಿಟ್ಟುಕೊಳ್ಳುವವರು. ಓಟಗಾರನನ್ನು ಕೊನೆಗೆ ಆರಿಸಿದರೂ ನಡೆಯುತ್ತದೆ.

ಇಲ್ಲೊಂದು ಮಾತು. ಹಲವು ಲೀಗ್‌ಗಳಲ್ಲಿ ನಿಗದಿತ ತೂಕ ಮೀರಿದ ಮಕ್ಕಳ ಹೆಲ್ಮೆಟ್‌ಗೆ ಪಟ್ಟಿ ಅಂಟಿಸುತ್ತಾರೆ, ಅವರು ಚೆಂಡು ಹಿಡಿದು ಓಡುವಂತಿಲ್ಲ. ಚಿಕ್ಕ ಮಕ್ಕಳ ಸುರಕ್ಷತೆಗೆ ಅದು ಸರಿಯೇ. ಆದರೆ ಒಂಬತ್ತರ ಹುಡುಗನಿಗೆ ಆ ಪಟ್ಟಿ ಅವಮಾನದಂತೆ ಕಾಣಬಹುದು. ಮೊದಲ ದಿನವೇ ಅವನನ್ನು ಪಕ್ಕಕ್ಕೆ ಕರೆದು, ಅವನ ಜಾಗದಲ್ಲಿ ಅವನು ಮಾಡಬೇಕಾದ್ದೇನು, ಅದಿಲ್ಲದೆ ಆಟ ಏಕೆ ನಿಲ್ಲುತ್ತದೆ ಎಂದು ತೋರಿಸಿ ಕೊಡಿ.

ಮೊದಲ ಹೆಜ್ಜೆ ಆರು ಇಂಚು

ಮೊದಲ ವಾರ ಚೆಂಡಿನ ಕೆಲಸ ಕಡಿಮೆ, ಕಾಲಿನ ಕೆಲಸ ಜಾಸ್ತಿ. ಪಾದಗಳು ಭುಜದಗಲ, ಮೊಣಕಾಲು ಬಾಗಿರಬೇಕು, ಒಂದು ಕೈ ನೆಲಕ್ಕೆ ಹಗುರವಾಗಿ, ಬೆನ್ನು ಮೇಜಿನಂತೆ, ಕಣ್ಣು ಮುಂದೆ. ನೆಲದ ಕೈಯನ್ನು ನೀವು ತಟ್ಟಿ ಸರಿಸಿದರೆ ಹುಡುಗ ಮುಗ್ಗರಿಸಬಾರದು. ಮುಗ್ಗರಿಸಿದರೆ ಭಾರ ಹೆಚ್ಚಾಗಿ ಮುಂದಿದೆ ಎಂದರ್ಥ. ಶಿಳ್ಳೆ ಊದಿದೊಡನೆ ಮೊದಲ ಹೆಜ್ಜೆ ಆರೇ ಇಂಚು, ಎರಡನೆಯದು ಅದರ ಬೆನ್ನಿಗೇ ನೆಲ ಮುಟ್ಟಬೇಕು. ಮಕ್ಕಳು ದೊಡ್ಡ ಹೆಜ್ಜೆ ಹಾಕಿ ಒಂಟಿ ಕಾಲಲ್ಲಿರುವಾಗಲೇ ಡಿಕ್ಕಿಯಾಗಿ ಬೀಳುತ್ತಾರೆ. ಈ ಎರಡು ಹೆಜ್ಜೆಯನ್ನು ದಿನಕ್ಕೆ ಇಪ್ಪತ್ತು ಸಲ ಮಾಡಿಸಿ. ಬೇಸರದ ಕೆಲಸವಾದರೂ ಬಿಡಬೇಡಿ.

ಕಬಡ್ಡಿ ಆಡಿದವರಿಗೆ ತಗ್ಗಿದವನಿಗೇ ಬಲ ಹೆಚ್ಚು ಎಂಬುದು ಗೊತ್ತು. ಇಲ್ಲೂ ಅಷ್ಟೇ. ಆದರೆ ಕಬಡ್ಡಿಯಲ್ಲಿ ಹಿಡಿಯುವುದೇ ಆಟ, ಇಲ್ಲಿ ಚೆಂಡಿರುವ ತಂಡದವರು ಹಿಡಿದರೆ 10 ಯಾರ್ಡ್ ದಂಡ. ಅಂಗೈಗಳು ಎದುರಾಳಿಯ ಎದೆಯ ಚೌಕಟ್ಟಿನೊಳಗೇ ಇರಬೇಕು, ತಳ್ಳಬೇಕು, ಬಟ್ಟೆ ಹಿಡಿಯಬಾರದು. ಎಲ್ಲಕ್ಕಿಂತ ಮುಖ್ಯವಾದದ್ದು ತಲೆ. ಹೆಲ್ಮೆಟ್‌ನಿಂದ ಗುದ್ದಲು ಯಾವ ಮಗುವಿಗೂ ಬಿಡಬೇಡಿ. ಕೈ ಮತ್ತು ಭುಜ ಮೊದಲು ತಾಗಬೇಕು, ಮುಖ ಮೇಲಿರಬೇಕು. ತಲೆ ತಗ್ಗಿಸಿದವನು ಎಷ್ಟು ಚೆನ್ನಾಗಿ ತಳ್ಳಿದರೂ ಆಟ ನಿಲ್ಲಿಸಿ ತಿದ್ದಿ.

ಇನ್ನು, ಯಾರನ್ನು ತಡೆಯಬೇಕು? ನಾನು ಮಕ್ಕಳಿಗೆ ಕೊಡುವುದು ಮೂರೇ ಪ್ರಶ್ನೆ. ನಿನ್ನ ಒಳಗಿನ, ಅಂದರೆ ಸೆಂಟರ್ ಕಡೆಯ, ಸಂದಿನಲ್ಲಿ ಯಾರಾದರೂ ಇದ್ದಾರಾ? ಇದ್ದರೆ ಅವನು ನಿನ್ನವನು. ಇಲ್ಲವೆಂದರೆ, ನೇರ ಎದುರಿಗೆ? ಅಲ್ಲೂ ಇಲ್ಲವೆಂದರೆ, ಎದುರಾಳಿ ಸಾಲಿನ ಹಿಂದೆ ನಿಂತ ಲೈನ್‌ಬ್ಯಾಕರ್. ಈ ಕ್ರಮದಲ್ಲೇ ಕೇಳಿಕೊಳ್ಳಬೇಕು. ಎದುರು ತಂಡ ಐದು ಜನರನ್ನು ಮುಂದೆ ನಿಲ್ಲಿಸಲಿ, ಎಂಟು ಜನರನ್ನು ನಿಲ್ಲಿಸಲಿ, ಪ್ರಶ್ನೆ ಬದಲಾಗುವುದಿಲ್ಲ.

ಆರು ಆಟ ಸಾಕು

ಮೂವತ್ತು ಆಟಗಳ, ಅಂದರೆ ಒಂದೊಂದು ಯತ್ನಕ್ಕೆ ಮೊದಲೇ ಹೆಣೆದ ಯೋಜನೆಗಳ, ಹೊತ್ತಗೆ ತಂದ ಕೋಚ್‌ಗಳನ್ನು ಕಂಡಿದ್ದೇನೆ. ಮಕ್ಕಳಿಗೆ ಆರು ಸಾಕು. ಹೆಸರಿಡುವುದಕ್ಕೆ ಸಂಖ್ಯೆ ಬಳಸಿ: ಸಾಲಿನ ಬಲಗಡೆಯ ಸಂದುಗಳಿಗೆ 2, 4, 6, 8, ಎಡಗಡೆಯವಕ್ಕೆ 1, 3, 5, 7. ಓಡುವವರಿಗೂ ಒಂದೊಂದು ಅಂಕಿ. '26' ಎಂದರೆ ಎರಡನೇ ಓಟಗಾರ ಆರನೇ ಸಂದಿನಲ್ಲಿ.

ಮೊದಲು ಕಲಿಸಬೇಕಾದ್ದು ವೆಜ್. ಸೆಂಟರ್ ತುದಿಯಾಗಿ ನೇರ ಮುಂದೆ ಹೋಗುತ್ತಾನೆ, ಉಳಿದ ಆರೂ ಜನ ಒಳಕ್ಕೆ ಹೆಜ್ಜೆ ಹಾಕಿ ಪಕ್ಕದವನ ಸೊಂಟಕ್ಕೆ ಭುಜ ಒತ್ತಿ ನೇಗಿಲ ಗುಳದಂತೆ ಸಾಗುತ್ತಾರೆ. ಕೈಕೈ ಹೆಣೆದುಕೊಳ್ಳುವಂತಿಲ್ಲ, ಅದು ತಪ್ಪು. ಫುಲ್‌ಬ್ಯಾಕ್ ಚೆಂಡು ಹಿಡಿದು ಸೆಂಟರ್ ಬೆನ್ನ ಹಿಂದೆ ಅಡಗಿ ನಡೆಯುತ್ತಾನೆ, ಆ ಗುಂಪು ತಾನಾಗಿ ಬಿಚ್ಚಿಕೊಳ್ಳುವವರೆಗೂ ಹೊರಗೆ ಓಡಬಾರದು. ಎರಡು ಯಾರ್ಡ್ ಬೇಕಾದಾಗ ಇದಕ್ಕಿಂತ ನಂಬಿಕಸ್ಥ ಆಟ ನಾನು ಕಂಡಿಲ್ಲ. ಏಳು ಮಕ್ಕಳು ಒಂದೇ ಜೀವವಾಗಿ ಚಲಿಸುವುದು ಹೇಗೆಂದು ಮೈಗೆ ಗೊತ್ತಾಗುವುದೂ ಇಲ್ಲೇ.

ಎರಡನೆಯದು ಪವರ್. ತಂಡದ ಜೀವಾಳ ಇದೇ, ಹಾಗಾಗಿ ಅಭ್ಯಾಸದ ಅರ್ಧ ಹೊತ್ತು ಇದಕ್ಕೇ ಕೊಡಿ. ಬಲಕ್ಕೆ ಓಡುವುದಾದರೆ: ಬಲಗಡೆಯ ಗಾರ್ಡ್, ಟ್ಯಾಕಲ್, ಟೈಟ್ ಎಂಡ್ ಮೂವರೂ ತಮ್ಮ ಒಳಗಿರುವವರನ್ನು ಓರೆಯಾಗಿ ಒಳಕ್ಕೆ ತಳ್ಳುತ್ತಾರೆ. ಎದುರಾಳಿ ಸಾಲಿನ ಕೊನೆಯವನನ್ನು ಬೇಕೆಂದೇ ಬಿಟ್ಟುಬಿಡುತ್ತೇವೆ, ಅವನನ್ನು ಫುಲ್‌ಬ್ಯಾಕ್ ಒಳಗಿನಿಂದ ಬಂದು ಹೊರಕ್ಕೆ ತಳ್ಳುತ್ತಾನೆ. ಹೀಗೆ ಬಾಗಿಲ ಎರಡು ರೆಕ್ಕೆ ತೆರೆದಂತಾಯಿತು. ಆ ಬಾಗಿಲಿಗೆ ಮೊದಲು ನುಗ್ಗುವವನು ಎಡಗಡೆಯ ಗಾರ್ಡ್. ಅವನು ತನ್ನ ಜಾಗ ಬಿಟ್ಟು ಸಾಲಿನ ಹಿಂದೆ ಅಡ್ಡಕ್ಕೆ ಓಡಿಬಂದು ತಿರುಗುತ್ತಾನೆ. ಇದಕ್ಕೆ 'ಪುಲ್' ಎನ್ನುತ್ತಾರೆ. ಅವನ ಹಿಂದೆ, ಸ್ನ್ಯಾಪ್‌ಗೆ (ಸೆಂಟರ್ ಚೆಂಡನ್ನು ಹಿಂದಕ್ಕೆ ಕೊಡುವುದಕ್ಕೆ) ಮುಂಚೆಯೇ ಎಡದಿಂದ ಚಲಿಸಲು ಶುರುಮಾಡಿದ ವಿಂಗ್‌ಬ್ಯಾಕ್, ಚೆಂಡಿನೊಂದಿಗೆ.

ಪುಲ್ ಮಾಡುವ ಗಾರ್ಡ್‌ಗೆ ಮೂರು ವಿಷಯ ಮತ್ತೆ ಮತ್ತೆ ಹೇಳಬೇಕು. ಬಲ ಮೊಣಕೈಯನ್ನು ಹಿಂದಕ್ಕೆ ಜಗ್ಗಿದರೆ ಸೊಂಟ ತಾನೇ ತಿರುಗುತ್ತದೆ. ಸಾಲಿಗೆ ಅಂಟಿಕೊಂಡೇ ಓಡಬೇಕು, ಹಿಂದೆ ಸರಿದು ಸುತ್ತು ಹಾಕಿದರೆ ಓಟಗಾರನೇ ಅವನಿಗೆ ಡಿಕ್ಕಿ ಹೊಡೆಯುತ್ತಾನೆ. ಬಾಗಿಲಲ್ಲಿ ತಿರುಗುವಾಗ ಕಣ್ಣು ಒಳಗಡೆಗೆ, ಏಕೆಂದರೆ ಲೈನ್‌ಬ್ಯಾಕರ್ ಬರುವುದು ಅಲ್ಲಿಂದ. ಗಾರ್ಡ್ ಖಾಲಿ ಬಿಟ್ಟ ಸಂದನ್ನು ಎಡ ಟ್ಯಾಕಲ್ ಒಳಕ್ಕೆ ಹೆಜ್ಜೆ ಹಾಕಿ ಮುಚ್ಚಬೇಕು. ಇದನ್ನು ಮರೆತರೆ ಹಿಂದಿನಿಂದ ಒಬ್ಬ ಬಂದು ಓಟಗಾರನನ್ನು ಕೆಡವುತ್ತಾನೆ, ಪ್ರೇಕ್ಷಕರು ಓಟಗಾರ ನಿಧಾನವಾದ ಎನ್ನುತ್ತಾರೆ. 1960ರ ದಶಕದಲ್ಲಿ ಕೋಚ್ ವಿನ್ಸ್ ಲೊಂಬಾರ್ಡಿಯವರ ಗ್ರೀನ್ ಬೇ ಪ್ಯಾಕರ್ಸ್ ಎಂಬ ವೃತ್ತಿಪರ ತಂಡದ ಹೆಸರಾಂತ ಸ್ವೀಪ್ ಆಟದಲ್ಲೂ ದಾರಿ ಮಾಡಿದವರು ಹೀಗೆ ಪುಲ್ ಮಾಡಿದ ಇಬ್ಬರು ಗಾರ್ಡ್‌ಗಳು. ಹಳೆಯ ಕಪ್ಪುಬಿಳುಪು ದೃಶ್ಯಗಳನ್ನು ಮಕ್ಕಳಿಗೆ ತೋರಿಸಿ, ಕಣ್ಣರಳಿಸಿ ನೋಡುತ್ತಾರೆ.

ಉಳಿದವು ಪವರ್ ನೋಡಿ ಎದುರಾಳಿ ಏನು ಮಾಡುತ್ತಾನೆ ಎಂಬುದಕ್ಕೆ ಉತ್ತರಗಳು. ಎಲ್ಲರೂ ಒಳಗೆ ಗುಂಪುಗೂಡಿದರೆ ಸ್ವೀಪ್, ಹೊರಗಿನಿಂದ ಓಟ. ನಡುವಿನ ದೊಡ್ಡ ಹುಡುಗ ಕಣ್ಣುಮುಚ್ಚಿ ನುಗ್ಗುತ್ತಿದ್ದರೆ ಟ್ರ್ಯಾಪ್: ಅವನನ್ನು ಒಳಗೆ ಬಿಟ್ಟುಕೊಂಡು ಆಚೆ ಗಾರ್ಡ್ ಬಂದು ಪಕ್ಕದಿಂದ ತಳ್ಳುತ್ತಾನೆ, ಆ ದೊಡ್ಡ ಹುಡುಗ ಬಿಟ್ಟುಬಂದ ಜಾಗದಲ್ಲೇ ಓಟ. ವಿಂಗ್‌ಬ್ಯಾಕ್ ಚಲಿಸಿದ ಕಡೆಗೇ ಎಲ್ಲರೂ ಓಡಿದರೆ ಕೌಂಟರ್, ಚೆಂಡು ಇನ್ನೊಬ್ಬ ವಿಂಗ್‌ಬ್ಯಾಕ್ ಕೈಯಲ್ಲಿ ಎದುರು ದಿಕ್ಕಿಗೆ. ಹಿಂದಿನ ಸಾಲಿನವರೂ ಮುಂದೆ ಬಂದು ನಿಂತರೆ ಮಾತ್ರ ಒಂದು ಎಸೆತ: ಪವರ್ ಎಂದು ನಂಬಿಸಿ, ಕ್ವಾರ್ಟರ್‌ಬ್ಯಾಕ್ ಆಚೆ ಓಡುತ್ತಾ ಟೈಟ್ ಎಂಡ್‌ಗೆ ಐದಾರು ಯಾರ್ಡ್ ದೂರ ಕೊಡುತ್ತಾನೆ.

ಚೆಂಡು ಕೊಡುವಾಗ, ಪಡೆಯುವವನ ಒಳಗಡೆಯ ಮೊಣಕೈ ಮೇಲೆ, ಇನ್ನೊಂದು ಕೈ ಹೊಟ್ಟೆಯ ಕೆಳಗೆ ತೊಟ್ಟಿಲಿನಂತೆ. ಅವನು ಚೆಂಡನ್ನು ನೋಡಬಾರದು, ದಾರಿಯನ್ನು ನೋಡಬೇಕು. ಕೈಗೆ ಇಡುವುದು ಕ್ವಾರ್ಟರ್‌ಬ್ಯಾಕ್ ಹೊಣೆ. ಆಮೇಲೆ ಚೆಂಡಿನ ತುದಿ ಬೆರಳುಗಳಲ್ಲಿ, ಹಿಂಬದಿ ಕಂಕುಳಲ್ಲಿ, ಪಕ್ಕೆಲುಬಿಗೆ ಒತ್ತಿ, ಯಾವಾಗಲೂ ಮೈದಾನದ ಪಕ್ಕದ ಗೆರೆಯ ಕಡೆಯ ಕೈಯಲ್ಲಿ.

ಅಭ್ಯಾಸ ಮತ್ತು ಎಚ್ಚರ

ಆಟಗಳನ್ನು ಹೆಚ್ಚಾಗಿ ಗಾಳಿಯಲ್ಲೇ ಓಡಿಸಿ, ಅಂದರೆ ಎದುರಾಳಿಯಿಲ್ಲದೆ. ಆಮೇಲೆ ಕೈಯಲ್ಲಿ ಮೆತ್ತೆ ಹಿಡಿದು ನಿಂತವರ ಎದುರು. ಪೂರ್ಣ ಬಲದ ಡಿಕ್ಕಿ ಬಹಳ ಕಡಿಮೆ ಸಾಕು. ಪಾಪ್ ವಾರ್ನರ್ ಲೀಗ್ 2012ರಲ್ಲಿ ಡಿಕ್ಕಿಯ ಅಭ್ಯಾಸವನ್ನು ಒಟ್ಟು ಹೊತ್ತಿನ ಮೂರನೇ ಒಂದಕ್ಕೂ, 2016ರಲ್ಲಿ ಶೇ 25ಕ್ಕೂ ಇಳಿಸಿತು. ಮೂರು ಯಾರ್ಡ್‌ಗಿಂತ ದೂರದಿಂದ ಓಡಿಬಂದು ಎದುರುಬದುರು ಗುದ್ದುವ ಅಭ್ಯಾಸಗಳನ್ನಂತೂ ನಿಷೇಧಿಸಿತು. ನಿಮ್ಮ ಲೀಗ್‌ನಲ್ಲಿ ನಿಯಮ ಸಡಿಲವಾಗಿದ್ದರೂ ನೀವು ಇದನ್ನೇ ಪಾಲಿಸಿ. ತಲೆಗೆ ಪೆಟ್ಟಾದ ಅನುಮಾನ ಬಂದರೆ ಆ ಮಗು ಆ ದಿನ ಮತ್ತೆ ಆಡಬಾರದು, ವೈದ್ಯರು ಒಪ್ಪದೆ ಮರಳಬಾರದು. ವಾಷಿಂಗ್ಟನ್ ರಾಜ್ಯ 2009ರಲ್ಲಿ ಇದಕ್ಕೆ ಕಾನೂನು ಮಾಡಿದ ಮೇಲೆ ಬೇರೆ ರಾಜ್ಯಗಳೂ ಮಾಡಿವೆ. 'ನನಗೇನೂ ಆಗಿಲ್ಲ ಕೋಚ್' ಎಂಬ ಮಗುವಿನ ಮಾತನ್ನು ಮಾತ್ರ ನಂಬಬೇಡಿ. ಟೆಕ್ಸಸ್‌ನ ಆಗಸ್ಟ್ ಬಿಸಿಲಿನಲ್ಲಿ ನೀರು ಕೇಳಿದವನಿಗೆ ಕಾಯಿಸಬೇಡಿ, ಕೇಳದವನಿಗೂ ಕರೆದು ಕುಡಿಸಿ.

ಓಟದ ತಂಡವನ್ನು ಸೋಲಿಸುವುದು ಹೆಚ್ಚಾಗಿ ಎದುರಾಳಿಯಲ್ಲ, ದಂಡ. ಸ್ನ್ಯಾಪ್‌ಗೆ ಮುಂಚೆ ಸಾಲಿನವನೊಬ್ಬ ಅಲುಗಾಡಿದರೆ 5 ಯಾರ್ಡ್ ಹಿಂದಕ್ಕೆ. ಎರಡೂವರೆ ಯಾರ್ಡ್ ಲೆಕ್ಕದಲ್ಲಿ ಸಾಗುವವರಿಗೆ ಅದು ಎರಡು ಯತ್ನದ ನಷ್ಟ. ಹಾಗಾಗಿ ಮೊದಲ ಕೆಲವು ಪಂದ್ಯಗಳಲ್ಲಿ ಒಂದೇ ಕೂಗಿಗೆ ಸ್ನ್ಯಾಪ್ ಇಟ್ಟುಕೊಳ್ಳಿ. ಅಂಕ ತುಂಬಾ ಮುಂದಿದ್ದಾಗ ಸ್ವೀಪ್ ನಿಲ್ಲಿಸಿ, ಚೆಂಡನ್ನು ವರ್ಷವಿಡೀ ಓಡದ ಮಕ್ಕಳಿಗೆ ಕೊಡಿ. ಆಚೆ ಕಡೆ ನಿಂತವರೂ ಎಂಟೊಂಬತ್ತರ ಮಕ್ಕಳೇ.

ಪಂದ್ಯದ ವಿಡಿಯೊ ತೆಗೆಯುವವರು ಪಕ್ಕದ ಗೆರೆಯಲ್ಲಿ ನಿಂತು ಚೆಂಡನ್ನು ಹಿಂಬಾಲಿಸುತ್ತಾರೆ. ಅದರಲ್ಲಿ ಸಾಲು ಕಾಣುವುದೇ ಇಲ್ಲ. ಫೋನನ್ನು ಮೈದಾನದ ತುದಿಯ ಎಂಡ್‌ಝೋನ್ ಹಿಂದೆ ಎತ್ತರದಲ್ಲಿಡಿ, ಯಾರ ಕಾಲು ಎತ್ತ ಹೋಯಿತು ಎಲ್ಲ ತಿಳಿಯುತ್ತದೆ. ಮುಂದಿನ ಅಭ್ಯಾಸಕ್ಕೆ ಮೊದಲು ಹತ್ತು ನಿಮಿಷ ತೋರಿಸಿ, ಸಾಲಿನ ಪ್ರತಿ ಹುಡುಗನಿಗೂ ಅವನು ಚೆನ್ನಾಗಿ ಮಾಡಿದ ಒಂದು ತುಣುಕು ಇರಲಿ. ಕಳೆದ ವರ್ಷ ಹಾಸನದಿಂದ ಬಂದಿದ್ದ ನಮ್ಮಮ್ಮ ಎರಡು ಪಂದ್ಯ ನೋಡಿ, 'ಅಲ್ಲ ಕಣೋ, ಮಗು ಕೈಗೆ ಒಂದ್ಸಲನಾದ್ರೂ ಚೆಂಡು ಕೊಡಬಾರ್ದಾ?' ಎಂದು ಬೇಜಾರು ಮಾಡಿಕೊಂಡಿದ್ದರು. ನನ್ನ ಮಗ ಎಡ ಗಾರ್ಡ್. ಆ ರಾತ್ರಿ ಎಂಡ್‌ಝೋನ್ ಕಡೆಯಿಂದ ತೆಗೆದ ಒಂದು ಪವರ್ ಆಟ ತೋರಿಸಿದೆ: ಅವನು ಅಡ್ಡ ಓಡಿಬಂದದ್ದು, ಬಾಗಿಲಲ್ಲಿ ತಿರುಗಿದ್ದು, ಲೈನ್‌ಬ್ಯಾಕರ್‌ನನ್ನು ತಳ್ಳಿದ್ದು, ಅವನ ಪಕ್ಕದಿಂದ ಓಟಗಾರ ಹಾದುಹೋದದ್ದು. ಅಮ್ಮ ಕನ್ನಡಕ ಹಾಕಿಕೊಂಡು, 'ಇನ್ನೊಂದ್ಸಲ ಹಾಕು' ಎಂದರು.