ಸೊಂಟದ ಪಿಸ್ತೂಲು ಹೊತ್ತಿಗೆ ಒದಗೀತೇ?

2023ರ ವಿಧಾನಸಭಾ ಚುನಾವಣೆಗೆ ನೀತಿ ಸಂಹಿತೆ ಜಾರಿಯಾಗಿದ್ದ ದಿನಗಳು. ಠಾಣೆಯ ವರಾಂಡದಲ್ಲಿ ಆಯುಧ ಜಮಾ ಮಾಡಲು ಬಂದ ಪರವಾನಗಿದಾರರ ಸಾಲು. ಮೇಜಿನ ಈಚೆ ನಾನು, ಆಚೆ ಗಂಗಾವತಿ ಕಡೆಯ ಅಕ್ಕಿ ಗಿರಣಿಯ ಸಾಹುಕಾರರೊಬ್ಬರು. ಅವರ ಪಿಸ್ತೂಲಿನ ಮ್ಯಾಗಜಿನ್, ಅಂದರೆ ಗುಂಡು ತುಂಬುವ ಡಬ್ಬಿ ತೆಗೆದು, ನಳಿಗೆಯ ಮೇಲೆ ಹಿಂದೆ ಮುಂದೆ ಜಾರುವ ಸ್ಲೈಡ್ ಎಳೆದೆ. ಅದು ಅರ್ಧಕ್ಕೆ ಬಂದು ನಿಂತುಬಿಟ್ಟಿತು. ಇಣುಕಿ ನೋಡಿದರೆ ಒಳಗೆಲ್ಲ ಕೆಂಪು. ಹಿಂದಿನ ದಸರೆಯ ಆಯುಧಪೂಜೆಯಲ್ಲಿ ಹಚ್ಚಿದ ಕುಂಕುಮ ಎಣ್ಣೆಯೊಂದಿಗೆ ಕಲಸಿಕೊಂಡು, ಹಾರಿದ ಗುಂಡಿನ ಖಾಲಿ ಕೇಸನ್ನು ಹಿಡಿದೆಳೆಯುವ ಕೊಕ್ಕೆಯ ಅಡಿಯಲ್ಲಿ ಅರಗಿನಂತೆ ಗಟ್ಟಿಯಾಗಿ ಕೂತಿತ್ತು.

"ಒಳ್ಳೆಯ ಕಂಪನಿಯದು ದಫೇದಾರರೇ, ಕೈಕೊಡುವ ಮಾಲಲ್ಲ" ಎಂದರು ಸಾಹುಕಾರರು.

"ಇದುವರೆಗೆ ಎಷ್ಟು ಗುಂಡು ಹಾರಿಸಿದ್ದೀರಿ?"

"ಕೊಂಡ ದಿನ ಎರಡು."

ದಸರೆಯಿಂದ ಯುಗಾದಿಯವರೆಗೆ ಆ ಮನುಷ್ಯ ಸೊಂಟದಲ್ಲಿ ಹೊತ್ತು ತಿರುಗಿದ್ದು ಒಂದು ಕಬ್ಬಿಣದ ತುಂಡನ್ನು. ಪೊಲೀಸ್ ಶಸ್ತ್ರಾಗಾರದಲ್ಲಿ ಆಯುಧ ದುರಸ್ತಿಯ ಕೆಲಸ ಮಾಡಿ ನಿವೃತ್ತನಾದ ಮೇಲೂ ನನ್ನನ್ನು ಜನ ಕೇಳುವುದು ಒಂದೇ ಪ್ರಶ್ನೆ: ಯಾವ ಕಂಪನಿಯ ಪಿಸ್ತೂಲು ಒಳ್ಳೆಯದು? ನಾನು ಕಂಪನಿಯ ಹೆಸರು ಹೇಳುವುದಿಲ್ಲ. ನಂಬಿಕೆ ಹುಟ್ಟುವುದು ನಿಮ್ಮ ಕೈಯಲ್ಲಿರುವ ಆ ಒಂದು ಪಿಸ್ತೂಲು, ಅದರ ಮ್ಯಾಗಜಿನ್, ಅದಕ್ಕೆ ಹಾಕುವ ಗುಂಡು ಮತ್ತು ನೀವು ಇಟ್ಟುಕೊಳ್ಳುವ ರೀತಿ ಈ ನಾಲ್ಕೂ ಕೂಡಿದಾಗ. ಅದನ್ನು ಎಣಿಸಿಯೇ ತಿಳಿಯಬೇಕು.

ಮೊದಲು ಕಾಗದ

ಭಾರತದಲ್ಲಿ ಸಾಮಾನ್ಯ ಪರವಾನಗಿದಾರನಿಗೆ 9 ಎಂಎಂ ಪಿಸ್ತೂಲು ಸಿಗುವುದಿಲ್ಲ. ಅದು ನಿಷೇಧಿತ ಬೋರು (ಬೋರು ಎಂದರೆ ನಳಿಗೆಯ ಒಳ ಅಳತೆ). ಆದ್ದರಿಂದ ಹೊರದೇಶದವರು 9 ಎಂಎಂ ಬಗ್ಗೆ ಬರೆದ ಸಲಹೆಗಳಲ್ಲಿ ಹೆಚ್ಚಿನವು ನಮ್ಮ ಲೆಕ್ಕಕ್ಕೆ ಹೊಂದುವುದಿಲ್ಲ. ನಮ್ಮಲ್ಲಿ ಸಣ್ಣ ಪಿಸ್ತೂಲು ಎಂದರೆ ಬಹುಮಟ್ಟಿಗೆ .32 (ಇಂಚು) ಬೋರಿನದು. ಆಯುಧ ಕಾಯ್ದೆಯ 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಆಯುಧ, ಪರವಾನಗಿಯ ಅವಧಿ ಐದು ವರ್ಷ. 2016ರ ಆಯುಧ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲು ಹೋಲ್‌ಸ್ಟರ್‌ನಲ್ಲೋ ಅಂಥದೇ ಚೀಲದಲ್ಲೋ ಇರಬೇಕು, ಪೂರ್ತಿ ಮುಚ್ಚಿರಬೇಕು, ನಿಮ್ಮ ಹಿಡಿತದಲ್ಲಿರಬೇಕು. ಅಂದರೆ ಮರೆಮಾಡಿ ಇಟ್ಟುಕೊಳ್ಳುವುದು ಇಲ್ಲಿ ಶೋಕಿಯಲ್ಲ, ನಿಯಮ. ಅಂಗಿಯ ಮೇಲೆ ಬೆಲ್ಟಿಗೆ ಸಿಕ್ಕಿಸಿಕೊಂಡು ಮದುವೆ ಮಂಟಪದಲ್ಲಿ ಓಡಾಡುವವರು ಇದನ್ನು ಓದಿಕೊಳ್ಳಬೇಕು. ಮದುವೆಯ ಖುಷಿಗೆ ಗುಂಡು ಹಾರಿಸಿ ಇನ್ನೊಬ್ಬರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಇನ್ನೊಂದು ಮಾತು. .32 ಪಿಸ್ತೂಲಿನ ಗುಂಡು ಬೇರೆ, .32 ರಿವಾಲ್ವರಿನ ಗುಂಡು ಬೇರೆ. ರಿವಾಲ್ವರಿನದು ಉದ್ದ. ಹೆಸರು ಒಂದೇ ಎಂದು ಅದಲು ಬದಲು ಮಾಡಬಾರದು.

ಸಣ್ಣದಕ್ಕೇ ಏಕೆ ಹೆಚ್ಚು ತಕರಾರು

ಗುಂಡು ಹಾರಿದ ಕೂಡಲೇ ಸ್ಲೈಡ್ ಹಿಂದಕ್ಕೆ ಹೋಗಿ ಖಾಲಿ ಕೇಸನ್ನು ಎಸೆಯಬೇಕು, ಮುಂದಕ್ಕೆ ಬರುವಾಗ ಮ್ಯಾಗಜಿನ್‌ನಿಂದ ಹೊಸ ಗುಂಡನ್ನು ತಳ್ಳಿ ನಳಿಗೆಯೊಳಗೆ ಕೂರಿಸಬೇಕು. ದೊಡ್ಡ ಪಿಸ್ತೂಲಿನಲ್ಲಿ ಇದಕ್ಕೆ ಜಾಗವಿದೆ. ಅಂಗೈಯಲ್ಲಿ ಅಡಗುವ ಪಿಸ್ತೂಲಿನಲ್ಲಿ ಸ್ಲೈಡ್ ಓಡುವ ದೂರ ಗಿಡ್ಡ, ಸ್ಪ್ರಿಂಗ್ ಬಿರುಸು, ಗುಂಡು ಮೇಲೇರಿ ನಿಲ್ಲಲು ಸಿಗುವ ಹೊತ್ತು ಕಡಿಮೆ. ಸ್ವಲ್ಪ ಜಿಗುಟು, ಸ್ವಲ್ಪ ಸಡಿಲ ಹಿಡಿತ, ಸ್ವಲ್ಪ ಸೋತ ಸ್ಪ್ರಿಂಗ್ ಯಾವುದಕ್ಕೂ ಅಲ್ಲಿ ಮಾಫಿ ಇಲ್ಲ.

ಇದರ ಜೊತೆಗೆ .32 ಗುಂಡಿನದೇ ಒಂದು ಹಟವಿದೆ. ಅಮೆರಿಕದ ಜಾನ್ ಬ್ರೌನಿಂಗ್ 1899ರಲ್ಲಿ ರೂಪಿಸಿದ ಗುಂಡು ಇದು. ಒಂದನ್ನು ಬೆಳಕಿಗೆ ಹಿಡಿದು ನೋಡಿ: ಬುಡದ ಅಂಚು ಮೈಗಿಂತ ಕೂದಲೆಳೆಯಷ್ಟು ಹೊರಗೆ ಚಾಚಿದೆ. ಮ್ಯಾಗಜಿನ್ ತುಂಬುವಾಗ ಮೇಲಿನ ಗುಂಡಿನ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಕೂರಬೇಕು. ಹಿಂದೆ ಜಾರಿದರೆ ಎರಡೂ ಕೊಂಡಿ ಹಾಕಿಕೊಂಡಂತೆ ಸಿಕ್ಕಿಬೀಳುತ್ತವೆ. ಮ್ಯಾಗಜಿನ್ ತಳಕ್ಕೆ ಗುದ್ದಿದರೂ ಸ್ಲೈಡ್ ಜಗ್ಗಿದರೂ ಬಿಡುವುದಿಲ್ಲ, ಮ್ಯಾಗಜಿನ್ ಹೊರತೆಗೆದು ಗುಂಡುಗಳನ್ನು ಒಂದೊಂದಾಗಿ ಬಿಡಿಸಬೇಕು. ಆದ್ದರಿಂದ ತುಂಬುವಾಗ ಪ್ರತಿ ಗುಂಡನ್ನೂ ಹಿಂದಿನ ಗೋಡೆಗೆ ತಾಗುವವರೆಗೆ ಒತ್ತಿ, ಮೇಲಿನದು ಕೆಳಗಿನದರ ಮುಂದಿದೆಯೇ ಎಂದು ನೋಡಿಕೊಂಡೇ ಮುಂದಿನದನ್ನು ಹಾಕಿ. ಅವಸರದಲ್ಲಿ ತುಂಬಿದ ಮ್ಯಾಗಜಿನ್ ಎಷ್ಟು ಪಿಸ್ತೂಲುಗಳಿಗೆ ಕೆಟ್ಟ ಹೆಸರು ತಂದಿದೆಯೋ ಲೆಕ್ಕವಿಲ್ಲ.

ಮೇಜಿನ ಮೇಲೆ, ಗುಂಡಿಲ್ಲದೆ

ಗುಂಡುಗಳನ್ನು ಬೇರೆ ಕೋಣೆಯಲ್ಲಿಡಿ. ಮ್ಯಾಗಜಿನ್ ಮೊದಲು ತೆಗೆದು ಆಮೇಲೆ ಸ್ಲೈಡ್ ಎಳೆಯಿರಿ. ಈ ಕ್ರಮ ತಿರುಗುಮುರುಗಾದರೆ ನಳಿಗೆಯಲ್ಲಿ ಒಂದು ಗುಂಡು ಉಳಿಯುತ್ತದೆ. ಕಣ್ಣಿನಿಂದ ನೋಡಿದ್ದು ಸಾಲದು, ಕಿರುಬೆರಳು ಹಾಕಿ ಖಾಲಿಯಿದೆಯೆಂದು ಮುಟ್ಟಿ ನೋಡಿ.

ಮ್ಯಾಗಜಿನ್‌ಗಳಿಗೆ ಬಣ್ಣದಲ್ಲಿ ಒಂದು, ಎರಡು ಎಂದು ನಂಬರ್ ಬರೆಯಿರಿ. ಬಾಯಿಯ ಎರಡು ತುಟಿಗಳು ಸಮನಾಗಿವೆಯೇ, ಬಾಗಿವೆಯೇ ನೋಡಿ. ಕೆಳಗೆ ಬಿದ್ದ ಮ್ಯಾಗಜಿನ್ ಸಾಮಾನ್ಯವಾಗಿ ಇಲ್ಲೇ ಕೆಡುತ್ತದೆ. ಸ್ಲೈಡನ್ನು ಬೆರಳಗಲ ಹಿಂದಕ್ಕೆ ಎಳೆದು ಮೆಲ್ಲಗೆ ಬಿಟ್ಟರೆ ತಾನಾಗಿ ಪೂರ್ತಿ ಮುಚ್ಚಿಕೊಳ್ಳಬೇಕು. ಅರೆಬರೆ ನಿಂತರೆ ಕೊಳೆಯೋ ಸೋತ ಸ್ಪ್ರಿಂಗೋ ಕಾರಣ. ನಂತರ ಅಂಗಡಿಯಲ್ಲಿ ಸಿಗುವ ಮದ್ದಿಲ್ಲದ ನಕಲಿ ಗುಂಡುಗಳನ್ನು ತುಂಬಿ, ಸ್ಲೈಡನ್ನು ಪೂರ್ತಿ ಎಳೆದು ಥಟ್ಟನೆ ಬಿಡುತ್ತಾ ಹೋಗಿ. ಪ್ರತಿಯೊಂದೂ ಒಳಗೆ ಹೋಗಿ, ಪ್ರತಿಯೊಂದೂ ದೂರ ಹಾರಿ ಬೀಳಬೇಕು. ಕೈಯಲ್ಲಿ ಹಿಡಿದು ನಿಧಾನ ಮುಂದೆ ಬಿಡುವ ಅಭ್ಯಾಸ ಕೆಲವರಿಗಿದೆ. ಆಗ ಒಳ್ಳೆಯ ಪಿಸ್ತೂಲೂ ಗುಂಡನ್ನು ನುಂಗುವುದಿಲ್ಲ.

ಗುಂಡಿನ ಬುಡಕ್ಕೆ ಹೊಡೆಯುವ ಮೊಳೆಗೆ ಹಳೆಯ ಒಂದು ಪರೀಕ್ಷೆಯಿದೆ. ನಕಲಿ ಗುಂಡುಗಳನ್ನೂ ತೆಗೆದು, ಖಾಲಿಯೆಂದು ಇನ್ನೊಮ್ಮೆ ಖಾತ್ರಿ ಮಾಡಿಕೊಂಡು, ತೆಳ್ಳನೆಯ ಪೆನ್ಸಿಲನ್ನು ರಬ್ಬರ್ ತುದಿ ಒಳಗೆ ಹೋಗುವಂತೆ ನಳಿಗೆಗೆ ಇಳಿಬಿಡಿ. ಬಿಗಿಯಾದರೆ ಒತ್ತಬೇಡಿ, ಇನ್ನೂ ತೆಳ್ಳನೆಯದನ್ನು ಹುಡುಕಿ. ಮೂತಿಯನ್ನು ಯಾರೂ ಇಲ್ಲದ ಗೋಡೆಯ ಕಡೆಗೆ ಮೇಲ್ಮುಖವಾಗಿ ಹಿಡಿದು ಟ್ರಿಗರ್ ಒತ್ತಿದರೆ ಪೆನ್ಸಿಲ್ ಚಂಗನೆ ಹೊರಗೆ ನೆಗೆಯಬೇಕು. ಅಲ್ಲಾಡಿ ಸುಮ್ಮನಾದರೆ ಮೊಳೆಯ ದಾರಿಯಲ್ಲಿ ಎಣ್ಣೆ ಜಿಡ್ಡು ಕಟ್ಟಿದೆ, ಇಲ್ಲವೇ ಸ್ಪ್ರಿಂಗ್ ಸೋತಿದೆ. ಬಿಚ್ಚಿ ಅರದಿಂದ ಉಜ್ಜುವ ಕೆಲಸಕ್ಕೆ ಕೈ ಹಾಕಬೇಡಿ. ದುರಸ್ತಿ ಪರವಾನಗಿ ಇರುವ ಬಂದೂಕಿನ ಅಂಗಡಿಗೇ ಕೊಡಿ.

ಎಣಿಸಿ ಹಾರಿಸುವುದು

ಹೊಲದ ಬದುವಿನಲ್ಲಿ ನಿಂತು "ಒಂದು ಹಾರಿಸಿ ನೋಡೋಣ" ಎನ್ನುವುದು ನಮ್ಮ ಕಡೆಯ ರೋಗ. ಅದು ಪರೀಕ್ಷೆಯಲ್ಲ, ತೊಂದರೆಗೆ ಆಹ್ವಾನ. ಅನುಮತಿಯುಳ್ಳ ಫೈರಿಂಗ್ ರೇಂಜ್‌ಗೇ ಹೋಗಬೇಕು. ಜಿಲ್ಲಾ ಪೊಲೀಸರು ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುವುದುಂಟು, ಎಲ್ಲಿ ಹಾರಿಸಬಹುದೆಂಬ ಮಾಹಿತಿ ಅಲ್ಲೇ ಸಿಗುತ್ತದೆ.

ಎಷ್ಟು ಗುಂಡು? ಅಂಕಿಅಂಶ ಶಾಸ್ತ್ರದವರ ಸರಳ ಲೆಕ್ಕವೊಂದಿದೆ. ಒಂದೂ ತಪ್ಪದೆ ಹಾರಿದ ಗುಂಡುಗಳ ಸಂಖ್ಯೆಯಿಂದ ಮೂರನ್ನು ಭಾಗಿಸಿದರೆ, ಅದು ಕೈಕೊಡುವ ಪ್ರಮಾಣದ ಮೇಲಿನ ಮಿತಿ ಸಿಗುತ್ತದೆ. 30 ಗುಂಡು ಸಲೀಸಾಗಿ ಹಾರಿದರೂ ಅದು ನೂರಕ್ಕೆ ಹತ್ತರವರೆಗೆ ಕೈಕೊಡುವ ಪಿಸ್ತೂಲಾಗಿರಬಹುದು. 100 ಹಾರಿದರೆ ಆ ಮಿತಿ ನೂರಕ್ಕೆ ಮೂರಕ್ಕೆ ಇಳಿಯುತ್ತದೆ. 300 ಆದರೆ ಒಂದಕ್ಕೆ. ಸಾಹುಕಾರರ ಎರಡು ಗುಂಡು ಏನನ್ನು ಸಾಬೀತು ಮಾಡಿತ್ತೆಂದು ನೀವೇ ಲೆಕ್ಕ ಹಾಕಿ. ಗುಂಡು ದುಬಾರಿ, ಪರವಾನಗಿಯಲ್ಲಿ ಬರೆದಷ್ಟೇ ಸಿಗುವುದು. ಒಂದೇ ದಿನ ಬೇಡ, ವರ್ಷದಲ್ಲಿ ಹಂಚಿಕೊಂಡು ನೂರಾದರೂ ಮುಟ್ಟಿಸಿ. ಸೊಂಟದಲ್ಲಿಡುವುದೂ ಅದೇ ತಯಾರಿಕೆಯ, ಅದೇ ಬಗೆಯ ಗುಂಡಾಗಿರಲಿ. ಇಲ್ಲಿನ ಕಾರ್ಖಾನೆಯ ಗುಂಡಿನಲ್ಲಿ ನೂರು ಹಾರಿಸಿ, ಇಟ್ಟುಕೊಳ್ಳಲು ವಿದೇಶಿ ಟೊಳ್ಳುಮೂತಿಯ ಗುಂಡು ತುಂಬಿದರೆ ಎಣಿಕೆ ಮತ್ತೆ ಸೊನ್ನೆಯಿಂದ. ಟೊಳ್ಳುಮೂತಿಯದು ಉದ್ದದಲ್ಲಿ ಗಿಡ್ಡ, ಅಂಚು ಸಿಕ್ಕಿಕೊಳ್ಳುವ ಕಾಟ ಅದರಲ್ಲೇ ಹೆಚ್ಚು.

ಒಂದು ಇನ್ನೂರು ಪುಟದ ನೋಟ್‌ಬುಕ್ ಸಾಕು. ತಾರೀಕು, ಮ್ಯಾಗಜಿನ್ ನಂಬರ್, ಎಷ್ಟನೆಯ ಗುಂಡು, ಏನಾಯಿತು. ಎರಡೂ ಕೈಯಲ್ಲಿ ಹಿಡಿದು, ಬಲಗೈ ಒಂದರಲ್ಲೇ, ಎಡಗೈ ಒಂದರಲ್ಲೇ ಹಾರಿಸಿ. ಮಣಿಕಟ್ಟು ಸಡಿಲ ಬಿಟ್ಟಾಗ ಸಿಕ್ಕಿಕೊಂಡರೆ ಅದನ್ನೂ ಬರೆಯಿರಿ. ಆಪತ್ತಿನಲ್ಲಿ ಯಾರ ಹಿಡಿತವೂ ರೇಂಜಿನ ಹಿಡಿತವಾಗಿರುವುದಿಲ್ಲ. ಕೆಲವು ಪುಟ ತುಂಬಿದ ಮೇಲೆ ಪುಸ್ತಕವೇ ಮಾತಾಡುತ್ತದೆ. ತಕರಾರೆಲ್ಲ ಎರಡನೆಯ ಮ್ಯಾಗಜಿನ್‌ನದೇ ಆದರೆ ದೋಷ ಮ್ಯಾಗಜಿನ್‌ನಲ್ಲಿದೆ. ಕೊನೆಯ ಗುಂಡೇ ಪದೇ ಪದೇ ಏರದಿದ್ದರೆ ಮ್ಯಾಗಜಿನ್ ಸ್ಪ್ರಿಂಗ್ ಸೋತಿದೆ. ಯಾವ ಮ್ಯಾಗಜಿನ್ ಹಾಕಿದರೂ ಖಾಲಿ ಕೇಸು, ನಮ್ಮ ಇಲಾಖೆಯ ಮಾತಿನಲ್ಲಿ ಖೋಖಾ, ಹೊರಬೀಳುವ ಕಿಂಡಿಯಲ್ಲಿ ನೆಟ್ಟಗೆ ಚಿಮಣಿಯಂತೆ ನಿಂತುಕೊಂಡರೆ ಕೊಕ್ಕೆ ಅಥವಾ ಹಿಡಿತ ನೋಡಬೇಕು. ಹಾರದ ಗುಂಡಿನ ಬುಡದಲ್ಲಿ ಮೊಳೆಯ ಗುಳಿ ಆಳವಿದ್ದರೆ ಗುಂಡಿನ ತಪ್ಪು, ಗೀರಿದಂತಿದ್ದರೆ ಪಿಸ್ತೂಲಿನ ತಪ್ಪು.

ಟ್ರಿಗರ್ ಒತ್ತಿಯೂ ಗುಂಡು ಹಾರದಿದ್ದರೆ ಮೂತಿ ಗುರಿಯ ಕಡೆಗೇ ಇರಲಿ, ಮೂವತ್ತು ಎಣಿಸಿ, ಆಮೇಲೆ ಬಿಡಿಸಿ. "ಢಂ" ಬದಲು "ಪುಸ್" ಎಂದರೆ ಅಲ್ಲಿಗೇ ನಿಲ್ಲಿಸಿ. ಗುಂಡು ನಳಿಗೆಯಲ್ಲೇ ಉಳಿದಿರಬಹುದು. ಮುಂದಿನದು ಹಾರಿದರೆ ಸೀಳುವುದು ನಳಿಗೆ ಮಾತ್ರವಲ್ಲ, ನಿಮ್ಮ ಕೈ ಕೂಡ.

ಇಷ್ಟು ಗುಂಡು ಖರ್ಚು ಮಾಡುವ ಮನಸ್ಸಿಲ್ಲದವರು ರಿವಾಲ್ವರ್ ಕೊಳ್ಳುವುದೇ ಲೇಸು ಎಂಬುದು ನನ್ನ ಅಭಿಪ್ರಾಯ. ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ತಂದ ನಿರ್ಭೀಕ್‌ನಂಥ ಹಗುರ .32 ರಿವಾಲ್ವರುಗಳಿವೆ. ರಿವಾಲ್ವರ್ ಎಂದೂ ಕೆಡುವುದಿಲ್ಲ ಎಂಬುದು ಸುಳ್ಳು. ಆದರೆ ಒಂದು ಗುಂಡು ಹಾರದಿದ್ದರೆ ಮತ್ತೆ ಟ್ರಿಗರ್ ಒತ್ತಿದಾಗ ಮುಂದಿನದು ತಾನೇ ಎದುರಿಗೆ ಬರುತ್ತದೆ.

ಹದಿನೈದು ದಿನ ಸೊಂಟದಲ್ಲಿ

ರೇಂಜಿನಲ್ಲಿ ಗೆದ್ದ ಪಿಸ್ತೂಲನ್ನು ಹದಿನೈದು ದಿನ ಒರೆಸದೆ ಇಟ್ಟುಕೊಂಡು ತಿರುಗಿ, ಹಾಗೆಯೇ ಒಯ್ದು ಒಂದು ಮ್ಯಾಗಜಿನ್ ಹಾರಿಸಿ. ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಿಗೆ ಇದೇ ನಿಜವಾದ ಪರೀಕ್ಷೆ. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಬೆವರಿನ ಉಪ್ಪು ಹೊಟ್ಟೆಗೆ ತಾಗುವ ಬದಿಯನ್ನು ತಿನ್ನುತ್ತದೆ, ಹಿಡಿಯ ತಿರುಪುಗಳ ಸುತ್ತ ಮೊದಲ ತುಕ್ಕು ಕಾಣುತ್ತದೆ. ಸಂಡೂರಿನ ರಸ್ತೆಯಲ್ಲಿ ಓಡಾಡುವವರಿಗೆ ಅದಿರಿನ ಕೆಂಪು ಧೂಳು. ಹತ್ತಿ ಗಿರಣಿಯವರದು ಇನ್ನೂ ಸೂಕ್ಷ್ಮ. ರಾಯಚೂರಿನ ರಾಜೇಂದ್ರ ಗಂಜ್ ಕಡೆಯ ವ್ಯಾಪಾರಿಯೊಬ್ಬರ ಪಿಸ್ತೂಲು ಬಿಚ್ಚಿದಾಗ ಸ್ಪ್ರಿಂಗಿನ ಸುತ್ತ ಹತ್ತಿಯ ಎಳೆಗಳು ಎಣ್ಣೆ ಕುಡಿದು ದೀಪದ ಬತ್ತಿಯಂತೆ ಸುತ್ತಿಕೊಂಡಿದ್ದವು. ಎಣ್ಣೆ ಹೆಚ್ಚಾದಷ್ಟೂ ಧೂಳಿಗೆ ಹಬ್ಬ. ಬಟ್ಟೆಗೆ ಎರಡು ಹನಿ ಹಾಕಿ ಒರೆಸಿದರೆ ಸಾಕು. ಕೊಬ್ಬರಿ ಎಣ್ಣೆಯಂತೂ ಬೇಡ. ಅದು ಸುಮಾರು 24 ಡಿಗ್ರಿಗೆ ಹೆಪ್ಪುಗಟ್ಟುತ್ತದೆ, ಡಿಸೆಂಬರ್ ಬೆಳಗಿನಲ್ಲಿ ಬಾಟಲಿಯಲ್ಲಿ ಕಂಡದ್ದೇ ಪಿಸ್ತೂಲಿನೊಳಗೂ ಆಗುತ್ತದೆ. ಗುಂಡುಗಳಿಗೆ ಎಣ್ಣೆ ತಾಗಲೇಬಾರದು, ಬುಡದಿಂದ ಒಳಗಿಳಿದು ಮದ್ದನ್ನು ಕೊಲ್ಲುತ್ತದೆ.

ಪ್ರತಿ ರಾತ್ರಿ ಖಾಲಿ ಮಾಡಿ, ಬೆಳಿಗ್ಗೆ ಅದೇ ಗುಂಡನ್ನು ಮತ್ತೆ ನಳಿಗೆಗೆ ಏರಿಸುವವರು ಗಮನಿಸಿ: ಪ್ರತಿ ಸಲ ಏರುವಾಗ ಗುಂಡಿನ ಲೋಹದ ಮೂತಿ ಕೇಸಿನೊಳಗೆ ತುಸು ತುಸು ಕುಸಿಯುತ್ತದೆ. ಹೊಸದೊಂದರ ಪಕ್ಕ ನಿಲ್ಲಿಸಿ ನೋಡಿದರೆ ಗಿಡ್ಡವಾಗಿರುವುದು ಕಾಣುತ್ತದೆ. ಅಂಥ ಗುಂಡು ಹಾರಿದಾಗ ಒತ್ತಡ ಮಿತಿ ಮೀರಬಹುದು. ಅದನ್ನು ಬೇರೆ ತೆಗೆದಿಡಿ, ಹಾರಿಸಬೇಡಿ.

ಹೋಲ್‌ಸ್ಟರ್ ಟ್ರಿಗರನ್ನು ಪೂರ್ತಿ ಮುಚ್ಚಬೇಕು. ಧೋತರದ ಗಂಟಿನಲ್ಲಿ, ಷರಾಯಿಯ ಜೇಬಿನಲ್ಲಿ ಚಿಲ್ಲರೆಯ ಜೊತೆ ಪಿಸ್ತೂಲಿಗೆ ಜಾಗವಿಲ್ಲ. ಹಳೆಯ ಮಾದರಿಗಳಲ್ಲಿ ಕೆಲವು ನೆಲಕ್ಕೆ ಬಿದ್ದರೆ ತಾವೇ ಹಾರುತ್ತವೆ. ನಿಮ್ಮದು ಅಂಥದೇ ಎಂದು ಬೀಳಿಸಿ ನೋಡುವ ಸಾಹಸ ಬೇಡ, ಅಂಗಡಿಯವರನ್ನು ಕೇಳಿ.

ತಕರಾರು ಕಂಡು ದುರಸ್ತಿಯಾದ ಪಿಸ್ತೂಲಿನ ಎಣಿಕೆ ಮತ್ತೆ ಒಂದರಿಂದ. ಕಾರಣ ಸಿಗದ ತಕರಾರು ಎರಡನೆಯ ಸಲ ಬಂದರೆ ನಾನಾದರೆ ಅದನ್ನು ಸೊಂಟದಿಂದ ಇಳಿಸುತ್ತೇನೆ.

ಚುನಾವಣೆ ಮುಗಿದು ಆಯುಧ ವಾಪಸು ಪಡೆದ ಮೇಲೆ ಸಾಹುಕಾರರು ಅಂಗಡಿಯಲ್ಲಿ ಪಿಸ್ತೂಲು ಬಿಚ್ಚಿಸಿ ತೊಳೆಸಿದರು. ಮೊದಲ ಮ್ಯಾಗಜಿನ್ ಸರಿ, ಎರಡನೆಯದು ಮೂರು ಸಲ ನಾಲ್ಕನೆಯ ಗುಂಡಿಗೇ ನಿಂತಿತು. ಅದನ್ನು ಬದಲಿಸಿದರು. ಮೊನ್ನೆ ಸಿಕ್ಕಾಗ ನೋಟ್‌ಬುಕ್ ತೋರಿಸಿದರು, ಎಣಿಕೆ 112ಕ್ಕೆ ಬಂದಿದೆ. ದಸರೆಯಲ್ಲಿ ಏನು ಮಾಡಿದಿರಿ ಎಂದು ಕೇಳಿದೆ. ಪಿಸ್ತೂಲನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ಪೂಜೆಗೆ ಖಾಲಿ ಹೋಲ್‌ಸ್ಟರನ್ನು ಇಟ್ಟರಂತೆ. ಅದರ ಚರ್ಮದ ಮೇಲೆ ಮೂರು ಬೆರಳಿನ ಕುಂಕುಮ ಇನ್ನೂ ಹಾಗೆಯೇ ಇತ್ತು.