ಜಿಬಿ ಪಾಸಿಟಿವ್, ಜಿಇ ನೆಗೆಟಿವ್: ದನದ ಸೀರಮ್ ಅನ್ನು ನಾನು ಓದುವ ಬಗೆ

ಬೋವೈನ್ ಹರ್ಪಿಸ್‌ವೈರಸ್-1 ದನಗಳಿಗೆ ಐಬಿಆರ್ ಎಂಬ ಉಸಿರಾಟದ ಕಾಯಿಲೆ ತರುತ್ತದೆ, ಗಬ್ಬದ ಹಸು ಕಂದು ಹಾಕುವಂತೆಯೂ ಮಾಡುತ್ತದೆ. ಲ್ಯಾಬಿಗೆ ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಕಳಿಸುವವರು ಸಾಮಾನ್ಯವಾಗಿ ಕೇಳುವುದು ಒಂದೇ: ಆಂಟಿಬಾಡಿ ಇದೆಯಾ? ನನಗೆ ಅಷ್ಟು ಸಾಲದು. ಯಾವ ಪ್ರೋಟೀನಿನ ವಿರುದ್ಧ ಇದೆ ಅಂತ ನೋಡಬೇಕು.

ವೈರಸ್ಸಿನ ಹೊರಪೊರೆಯಲ್ಲಿ ಜಿಬಿ, ಜಿಸಿ, ಜಿಡಿ, ಜಿಇ ಮುಂತಾದ, ಸಕ್ಕರೆ ಅಂಟಿದ ಪ್ರೋಟೀನುಗಳು, ಅಂದರೆ ಹಲವು ಗ್ಲೈಕೋಪ್ರೋಟೀನ್‌ಗಳಿವೆ. ಜಿಸಿ ಮತ್ತು ಜಿಬಿ ಮೊದಲು ಜೀವಕೋಶದ ಮೇಲಿನ ಹೆಪಾರಾನ್ ಸಲ್ಫೇಟ್ ಎಂಬ ಸಕ್ಕರೆ ಸರಪಳಿಯನ್ನು ಹಿಡಿಯುತ್ತವೆ. ಆಮೇಲೆ ಜಿಡಿ ಕೋಶದ ಮೇಲಿನ ನೆಕ್ಟಿನ್-1 ಎಂಬ ಪ್ರೋಟೀನಿಗೆ ಅಂಟುತ್ತದೆ. ಜಿಬಿ, ಜಿಎಚ್, ಜಿಎಲ್ ಸೇರಿ ವೈರಸ್ಸಿನ ಮತ್ತು ಕೋಶದ ಪೊರೆಗಳನ್ನು ಬೆಸೆಯುತ್ತವೆ. ಹಾಗಾಗಿ ಜಿಬಿ, ಜಿಸಿ, ಜಿಡಿಗಳ ವಿರುದ್ಧದ ಆಂಟಿಬಾಡಿಗೆ ವೈರಸ್ಸನ್ನು ಬಾಗಿಲಲ್ಲೇ ತಡೆಯುವ ಶಕ್ತಿ ಇರುತ್ತದೆ. ಜಿಇ ಒಳಹೋಗಲು ಬೇಕಿಲ್ಲ. ಕೋಶದಿಂದ ಕೋಶಕ್ಕೆ ಹರಡಲು, ನರದಲ್ಲಿ ಸಾಗಲು ಬೇಕು.

ತಡೆಯುವ ಶಕ್ತಿ ಅಳೆಯಲು ನ್ಯೂಟ್ರಲೈಸೇಷನ್ ಟೆಸ್ಟ್ ಮಾಡುತ್ತೇನೆ. ಮೊದಲು ಸೀರಮ್ ಅನ್ನು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಇಡುತ್ತೇನೆ. ಇಲ್ಲದಿದ್ದರೆ ರಕ್ತದಲ್ಲೇ ಇರುವ ಕಾಂಪ್ಲಿಮೆಂಟ್ ಎಂಬ ರಕ್ಷಣಾ ಪ್ರೋಟೀನುಗಳೂ ಕೈಜೋಡಿಸಿ ಟೈಟರ್ (ಸೀರಮ್ ಎಷ್ಟು ತೆಳುವಾದರೂ ವೈರಸ್ಸನ್ನು ತಡೆಯುತ್ತದೆ ಎಂಬ ಅಳತೆ) ಜಾಸ್ತಿ ತೋರಿಸಬಹುದು. (ಕಾಂಪ್ಲಿಮೆಂಟಿನ ಸಿ3 ಭಾಗವನ್ನು ಹಿಡಿದುಕೊಳ್ಳುವ ಕಲೆ ಜಿಸಿಗೆ ಗೊತ್ತು. ವೈರಸ್ ಸುಮ್ನೆ ಕೂತಿರುವುದಿಲ್ಲ!) ಸೀರಮ್ ಅನ್ನು ದುಪ್ಪಟ್ಟು ದುಪ್ಪಟ್ಟಾಗಿ ತೆಳುಮಾಡಿ, ಗೊತ್ತಾದ ಪ್ರಮಾಣದ ವೈರಸ್ ಬೆರೆಸಿ, 37 ಡಿಗ್ರಿಯಲ್ಲಿ 24 ಗಂಟೆ ಬಿಡುತ್ತೇನೆ. ಒಂದೇ ಗಂಟೆ ಸಾಕು ಅನ್ನುವವರಿದ್ದಾರೆ. ಆದರೆ ಆಂಟಿಬಾಡಿ ಕಡಿಮೆ ಇರುವ ಸೀರಮ್ ಆಗ ತಪ್ಪಿಸಿಕೊಳ್ಳುತ್ತದೆ. ಆಮೇಲೆ ಎಂಡಿಬಿಕೆ ಎಂಬ, ದನದ ಮೂತ್ರಪಿಂಡದಿಂದ ಬೆಳೆಸಿದ ಕೋಶಗಳನ್ನು ಹಾಕಿ ಕಾಯುವುದು. ವೈರಸ್ ಉಳಿದಿದ್ದರೆ ಕೋಶಗಳು ದುಂಡಗಾಗಿ ದ್ರಾಕ್ಷಿ ಗೊಂಚಲಿನಂತೆ ಗುಂಪುಗೂಡುತ್ತವೆ.

ಟೈಟರ್ ಎಷ್ಟೇ ಇರಲಿ, ಅದು ಲಸಿಕೆಯಿಂದಲೋ ಸೋಂಕಿನಿಂದಲೋ ಹೇಳುವುದಿಲ್ಲ. ಅದಕ್ಕೆ ಬ್ಲಾಕಿಂಗ್ ಎಲೈಸಾ ಬೇಕು: ಜಿಬಿ, ಜಿಇಗಳ ವಿರುದ್ಧದ ಆಂಟಿಬಾಡಿಯನ್ನು ಬೇರೆ ಬೇರೆಯಾಗಿ ಬಣ್ಣದಿಂದ ಗುರುತಿಸುವ ಪರೀಕ್ಷೆ. ಇಲ್ಲಿ ಬಣ್ಣ ಉಲ್ಟಾ ಓದಬೇಕು. ಪ್ರಾಣಿಯ ಆಂಟಿಬಾಡಿ ಮೊದಲೇ ಜಾಗ ಹಿಡಿದಿದ್ದರೆ ಕಿಟ್ಟಿನ ಆಂಟಿಬಾಡಿಗೆ ಅಂಟಲು ಜಾಗವಿಲ್ಲ, ಬಣ್ಣ ಬರುವುದಿಲ್ಲ. ಅಂದರೆ ಪರೀಕ್ಷಾ ತಟ್ಟೆಯ ಗುಳಿಯಲ್ಲಿ ಬಣ್ಣ ಬರದಿದ್ದರೆ ಪಾಸಿಟಿವ್.

ಮಾರ್ಕರ್ ಲಸಿಕೆಯ ವೈರಸ್ಸಿನಲ್ಲಿ ಜಿಇ ಜೀನ್ ತೆಗೆದಿರುತ್ತಾರೆ. ಆ ಲಸಿಕೆ ಹಾಕಿಸಿಕೊಂಡ ಹಸು ಜಿಬಿ ಪಾಸಿಟಿವ್, ಜಿಇ ನೆಗೆಟಿವ್. ಎರಡೂ ಪಾಸಿಟಿವ್ ಆದರೆ ಹೊರಗಿನ ವೈರಸ್ ಹೊಕ್ಕಿದೆ, ಅಥವಾ ಜಿಇ ತೆಗೆಯದ ಹಳೆಯ ಮಾದರಿಯ ಲಸಿಕೆ ಬಿದ್ದಿದೆ. ಹಾಗಾಗಿ ಲಸಿಕೆಯ ದಾಖಲೆ ಇಲ್ಲದೆ ನಾನು ಷರಾ ಬರೆಯುವುದಿಲ್ಲ. ಜಿಇ ಆಂಟಿಬಾಡಿ ಸ್ವಲ್ಪ ತಡವಾಗಿ ಬರುತ್ತದೆ. ಹೊಸ ಸೋಂಕಿನ ಅನುಮಾನ ಇದ್ದರೆ ಕೆಲವು ವಾರ ಬಿಟ್ಟು ಮತ್ತೆ ರಕ್ತ ತರಿಸುತ್ತೇನೆ. ಎಳೆಗರುವಿನದಾದರೆ ತಾಯಿಯ ಗಿಣ್ಣುಹಾಲಿನಿಂದ ಬಂದ ಆಂಟಿಬಾಡಿ ಇರಬಹುದು, ಅದು ತಿಂಗಳುಗಟ್ಟಲೆ ನಿಲ್ಲುತ್ತದೆ.

ಆಂಟಿಬಾಡಿ ಚೆನ್ನಾಗಿದ್ದರೂ ವೈರಸ್ ದೇಹದಿಂದ ಪೂರ್ತಿ ಹೋಗುವುದಿಲ್ಲ. ಮುಖದ ಟ್ರೈಜೆಮಿನಲ್ ನರಗಂಟಿನಲ್ಲಿ ಅಡಗಿರುತ್ತದೆ. ಒತ್ತಡ ಬಂದಾಗ, ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಚುಚ್ಚಿದಾಗ ಮತ್ತೆ ಏಳಬಹುದು. ಅದಕ್ಕೇ ಜಿಇ ಪಾಸಿಟಿವ್ ಹಸು ಎಷ್ಟೇ ಗಟ್ಟಿಮುಟ್ಟಾಗಿ ಕಂಡರೂ, ವರದಿಯಲ್ಲಿ ನಾನು ಬರೆಯುವುದು ‘ವೈರಸ್ ಹೊತ್ತಿರಬಹುದು, ಸೋಂಕಿಲ್ಲದ ಹಿಂಡಿಗೆ ಸೇರಿಸಬೇಡಿ’ ಅಂತಲೇ.