ಉಪ್ಪು ಕುದಿಸಿ ಒಪ್ಪಂದಕ್ಕೆ ಕೂರಿಸಿದೆ: ನನ್ನ ಅನುಭವ

ಉಪ್ಪಿನ ಸತ್ಯಾಗ್ರಹದ ಪಾಠಕ್ಕೆ ಒಲೆ ಹೂಡುತ್ತೇನೆ ಎಂದಾಗ ಸ್ಟಾಫ್ ರೂಮಿನಲ್ಲಿ ನಕ್ಕವರೇ ಹೆಚ್ಚು. "ಉಪ್ಪು ಕುದಿಸಿದರೆ ಎಸ್ಸೆಸ್ಸೆಲ್ಸಿಯಲ್ಲಿ ಅಂಕ ಬರುತ್ತದೆಯೇ ಮಾಸ್ತರೇ?" ಎಂದರು. ಈಗ ಅವರೇ ಪಾತ್ರೆ ಯಾವ ಅಳತೆಯದು ಎಂದು ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ. ದಂಡಿ ಯಾತ್ರೆ, ಗಾಂಧೀಜಿ ಉಪ್ಪಿನ ಕಾನೂನು ಮುರಿದ 1930ರ ಏಪ್ರಿಲ್ 6, ಯಾತ್ರೆಯಲ್ಲಿ ಜೊತೆಗೆ ನಡೆದ ಕರ್ನಾಟಕದ ಮೈಲಾರ ಮಹಾದೇವಪ್ಪ, ಇವೆಲ್ಲ ಸಮಾಜ ವಿಜ್ಞಾನ ಕಲಿಸುವ ನಿಮಗೆ ಬಾಯಿಪಾಠ. ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಏಪ್ರಿಲ್ 13ರಂದು ಕಾನೂನು ಮುರಿದದ್ದನ್ನು ನಮ್ಮ ಮಕ್ಕಳು ಅಜ್ಜಂದಿರ ಬಾಯಲ್ಲೇ ಕೇಳಿರುತ್ತಾರೆ. ಅವರಿಗೆ ತಿಳಿಯದಿದ್ದದ್ದು ಒಂದೇ: ಒಂದು ಹಿಡಿ ಉಪ್ಪಿಗೆ ವೈಸ್‌ರಾಯ್ ಇರ್ವಿನ್ ಗಾಂಧೀಜಿಯೊಡನೆ ಮಾತುಕತೆಗೆ ಏಕೆ ಕೂರಬೇಕಾಯಿತು?

ಮೊದಲು ಉಪ್ಪಿನ ವಿಷಯ. ಹೊಳೆ ಕಡಲು ಸೇರುವ ಅಳಿವೆಯ ನೀರು ತಂದರೆ ಕೆಲಸ ಕೆಡುತ್ತದೆ, ಅರ್ಧ ಹೊಳೆಯ ನೀರೇ ಇರುತ್ತದೆ. ಇಳಿತ ಮುಗಿದು ಭರತ ಏರುವಾಗ ತೆರೆದ ಕಡಲಿನಿಂದ ತುಂಬಿಕೊಳ್ಳಬೇಕು. ಲೀಟರಿಗೆ ಸುಮಾರು 35 ಗ್ರಾಂ ಲವಣ ಎಂದು ಪುಸ್ತಕ ಹೇಳುತ್ತದೆ. ಇಪ್ಪತ್ತು ಲೀಟರ್ ನೀರಿನಿಂದ ನನ್ನ ಕೈಗೆ ಬಂದದ್ದು ಅರ್ಧ ಕಿಲೋದ ಆಸುಪಾಸು. ಅಲ್ಯೂಮಿನಿಯಂ ಪಾತ್ರೆಯ ತಳ ತೂತಾಯಿತು, ಮಣ್ಣಿನ ಗಡಿಗೆ ಸೀಳಿತು. ಅಡುಗೆ ಭಟ್ಟರಿಂದ ಬಾಡಿಗೆಗೆ ತಂದ ಅಗಲ ಬಾಯಿಯ ಸ್ಟೀಲ್ ಪಾತ್ರೆಯೇ ಕೊನೆಗೆ ಉಳಿದುಕೊಂಡಿತು. ನೀರು ಕಾಲು ಭಾಗಕ್ಕೆ ಇಳಿದಾಗ ಬಿಳಿ ಗಷ್ಟು ಕಾಣುತ್ತದೆ. ಅದನ್ನು ಬಟ್ಟೆಯಲ್ಲಿ ಸೋಸದಿದ್ದರೆ ಉಪ್ಪು ಸುಣ್ಣದಂತಿರುತ್ತದೆ. ಪೂರ್ತಿ ಒಣಗಿಸಲು ಹೋದರೆ ಮೆಗ್ನೀಸಿಯಂ ಲವಣಗಳೂ ಸೇರಿ ಕಹಿಯಾಗುತ್ತದೆ, ಮರುದಿನವೇ ಒದ್ದೆಯಾಗುತ್ತದೆ. ಹದವಾದ ಉಪ್ಪುನೀರಿನಲ್ಲಿ ಕೋಳಿಮೊಟ್ಟೆ ತೇಲುತ್ತದೆ, ಅಲ್ಲಿಯವರೆಗೆ ಹೇಳುತ್ತೇನೆ. ಒಲೆಯಿಂದ ಯಾವ ಗಳಿಗೆಯಲ್ಲಿ ಇಳಿಸಬೇಕೆಂಬುದನ್ನು ಸಾಣಿಕಟ್ಟೆಯ ಉಪ್ಪಿನ ಆಗರದಲ್ಲಿ ದುಡಿದ ಹಿರಿಯರೊಬ್ಬರು ತೋರಿಸಿಕೊಟ್ಟರು. ಅದನ್ನು ಕಲಿಯಬೇಕಾದವರು ಅಲ್ಲಿಗೇ ಹೋಗಲಿ.

ಖರ್ಚು ಕೇಳಬೇಡಿ. ಸೌದೆ ಇಪ್ಪತ್ತು ಕಿಲೋಗೂ ಮಿಕ್ಕಿ ಉರಿಯಿತು. ಪಾತ್ರೆಯ ಬಾಡಿಗೆ, ನೀರು ತಂದ ರಿಕ್ಷಾ, ಚಹಾ ಎಲ್ಲ ಸೇರಿ ಐನೂರರ ಹತ್ತಿರ. ಅಷ್ಟು ಉಪ್ಪು ಅಂಗಡಿಯಲ್ಲಿ ಹದಿನೈದು ರೂಪಾಯಿಗೆ ಸಿಗುತ್ತಿತ್ತು. "ಉಪ್ಪು ಕುದಿಸಲು ಸೌದೆ" ಎಂಬ ವೋಚರ್ ನೋಡಿ ಮೇಲಿನವರು ಬಿಲ್ಲನ್ನು ಷರಾ ಬರೆದು ವಾಪಸು ಕಳಿಸಿದರು. ಹಣ ಕೈಯಿಂದಲೇ ಹೋಯಿತು. ಆದರೆ ಆ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದಾಗಲೇ ಪಾಠ ಕಣ್ಣು ಬಿಟ್ಟದ್ದು. ಆಗಿನ ಉಪ್ಪಿನ ಸುಂಕ ಮಣಕ್ಕೆ, ಅಂದರೆ ಸುಮಾರು 37 ಕಿಲೋಗೆ, ಒಂದೂಕಾಲು ರೂಪಾಯಿ. ಕುದಿಸಿದವರು ಉಳಿಸಿದ್ದು ಏನೂ ಇಲ್ಲ. ಹಾಗಾದರೆ ಕುದಿಸಿದ್ದು ಯಾಕೆ ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು. ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟು ಎಲ್ಲರನ್ನೂ ಗಾಂಧಿ ಪಕ್ಷ, ಇರ್ವಿನ್ ಪಕ್ಷ ಎಂದು ಹಂಚಿ ಮಾತುಕತೆಯ ಆಟಕ್ಕೆ ಕೂರಿಸಿದೆ.

ಹಿಂದಿನ ವರ್ಷಗಳಲ್ಲಿ ಮಾತುಕತೆ ಮೊದಲು, ಉಪ್ಪು ಆಮೇಲೆ ಇತ್ತು. ಗಾಂಧಿ ಪಕ್ಷದವರು ಹನ್ನೊಂದು ಬೇಡಿಕೆ ಓದುವರು, ಇರ್ವಿನ್ ಪಕ್ಷದವರು "ಆಗುವುದಿಲ್ಲ" ಎನ್ನುವರು, ಐದೇ ನಿಮಿಷಕ್ಕೆ ಆಟ ಮುಗಿಯುವುದು. ಈ ಬಾರಿ ಕ್ರಮ ತಿರುಗಿಸಿ ಒಂದು ನಿಯಮ ಸೇರಿಸಿದೆ: ಉಪ್ಪು ಮುಟ್ಟಿದವರು ಜಗಲಿಯ ಜೈಲಿಗೆ. ಮೂವರು ಕೈದಿಗಳಿಗೆ ಸರ್ಕಾರದ ಕಡೆಯಿಂದ ಒಬ್ಬ ಕಾವಲುಗಾರ. ಕೈದಿಗಳು ಗಲಾಟೆ ಮಾಡಿದರೆ ಕಾವಲು ತೆಗೆದು ಬೀಗ ಹಾಕಬಹುದು, ಸುಮ್ಮನಿದ್ದರೆ ಹಾಗಿಲ್ಲ. ಸ್ವಲ್ಪ ಹೊತ್ತಿನಲ್ಲಿ ಸರ್ಕಾರದ ಮೇಜಿನ ಹಿಂದೆ ಇರ್ವಿನ್ ಒಬ್ಬನೇ ಉಳಿದ. "ಸರ್, ಇವರನ್ನು ಬಿಟ್ಟುಬಿಡೋಣವೇ?" ಎಂದು ತಾನಾಗಿಯೇ ಕೇಳಿದ. 1930ರಲ್ಲಿ ಜೈಲಿಗೆ ಹೋದವರು ಸುಮಾರು 60,000 ಎಂಬ ಸಂಖ್ಯೆಯನ್ನು ಆಗ ಹೇಳಿದೆ. ಬರೆದುಕೊಳ್ಳಿ ಎನ್ನುವ ಅಗತ್ಯ ಬೀಳಲಿಲ್ಲ.

ಮಕ್ಕಳು ಬರೆದ ಒಪ್ಪಂದವನ್ನು 1931ರ ಮಾರ್ಚ್ 5ರ ಅಸಲು ಗಾಂಧಿ-ಇರ್ವಿನ್ ಒಪ್ಪಂದದ ಪಕ್ಕ ಇಟ್ಟೆವು. ನಮ್ಮವರು ಉಪ್ಪಿನ ಕಾನೂನನ್ನೇ ರದ್ದು ಮಾಡಿಸಿದ್ದರು. ಅಸಲಿನಲ್ಲಿ ಸಿಕ್ಕಿದ್ದು, ಉಪ್ಪು ದೊರೆಯುವ ಕಡೆಯ ಹಳ್ಳಿಯವರು ಮನೆ ಬಳಕೆಗೂ ಊರೊಳಗಿನ ಮಾರಾಟಕ್ಕೂ ಮಾಡಿಕೊಳ್ಳಬಹುದು ಎಂಬಷ್ಟೇ. ಹಿಂಸೆ ಮಾಡದ ಕೈದಿಗಳ ಬಿಡುಗಡೆಯಾಯಿತು. ಪೊಲೀಸರ ದೌರ್ಜನ್ಯದ ವಿಚಾರಣೆ ಆಗಬೇಕೆಂಬ ಬೇಡಿಕೆ ಬಿದ್ದುಹೋಯಿತು. ಜಪ್ತಿಯಾಗಿ ಬೇರೆಯವರಿಗೆ ಮಾರಾಟವಾದ ಜಮೀನು ಹಿಂದಿರುಗುವಂತಿರಲಿಲ್ಲ. ಕರ ಕೊಡದೆ ಹೋರಾಡಿ ಜಮೀನು ಜಪ್ತಿಯಾದ ತಾಲ್ಲೂಕಿನಲ್ಲಿ ಈ ಕೊನೆಯ ಷರತ್ತನ್ನು ಓದಿ ನೋಡಿ, ತರಗತಿ ತಾನೇ ಬಿಸಿಯಾಗುತ್ತದೆ. ಇರ್ವಿನ್ ಪಕ್ಷಕ್ಕೆ ನಾನು ಮೊದಲೇ ಕೊಡುವ ಮುಚ್ಚಿದ ಚೀಟಿಯಲ್ಲಿ ಏನಿರುತ್ತದೆ ಎಂಬುದನ್ನು ಇಲ್ಲಿ ಹೇಳಲಾರೆ. ನಮ್ಮ ಮಕ್ಕಳೂ ಇದನ್ನು ಓದಬಹುದು.

ಉತ್ಸಾಹ ಹೆಚ್ಚಾಗಿ ಘಾನಾವನ್ನೂ ಆಡಿಸಿದೆ. ಆಗ ಅದು ಗೋಲ್ಡ್ ಕೋಸ್ಟ್ ಎಂಬ ಬ್ರಿಟಿಷ್ ವಸಾಹತು. 1950ರ ಜನವರಿಯಲ್ಲಿ ಅಲ್ಲಿನ ಸ್ವಾತಂತ್ರ್ಯ ಹೋರಾಟದ ನಾಯಕ ಎನ್‌ಕ್ರುಮಾ ಮುಷ್ಕರಕ್ಕೆ ಕರೆ ಕೊಟ್ಟು ಜೈಲು ಸೇರಿದರು. ಮರುವರ್ಷದ ಫೆಬ್ರವರಿಯಲ್ಲಿ ಜೈಲಿನಿಂದಲೇ ಚುನಾವಣೆ ಗೆದ್ದರು. ಗವರ್ನರ್ ಆರ್ಡೆನ್-ಕ್ಲಾರ್ಕ್ ಪಾತ್ರದ ಹುಡುಗನಿಗೆ "ಈಗ ಏನು ಮಾಡುತ್ತೀಯ?" ಎಂದೆ. "ಮತ್ತೊಮ್ಮೆ ಚುನಾವಣೆ ಮಾಡಿಸುತ್ತೇನೆ" ಎಂದ! ನಿಜವಾದ ಗವರ್ನರ್ ಬಾಗಿಲು ತೆರೆದು ಸರ್ಕಾರ ರಚಿಸಲು ಕರೆದರು. 1957ರ ಮಾರ್ಚ್ 6ಕ್ಕೆ ಆ ದೇಶ ಸ್ವತಂತ್ರವಾಯಿತು. ಪಠ್ಯಕ್ಕೆ ಹೊರಗಿನದಾದ್ದರಿಂದ ಇದನ್ನು ಶನಿವಾರದ ಅರ್ಧ ದಿನಕ್ಕೆ ಇಟ್ಟುಕೊಂಡಿದ್ದೇನೆ.

ಉಪ್ಪು, ಮಾತುಕತೆ ಆದ ಮೇಲೆ ಮೂರನೇ ಸುತ್ತು ಕಾಂಗ್ರೆಸ್ಸಿನ ಕರಾಚಿ ಅಧಿವೇಶನ. ಅದನ್ನು ಬಿಡಬೇಡಿ. ಮೇಜಿನಿಂದ ಎದ್ದುಬಂದವರು ತಮ್ಮವರನ್ನೇ ಒಪ್ಪಿಸಬೇಕಾದ ಸುತ್ತು ಅದು. ಮಾರ್ಚ್ 23ರಂದು ಭಗತ್ ಸಿಂಗ್, ರಾಜಗುರು, ಸುಖದೇವರಿಗೆ ಗಲ್ಲಾಗಿದೆ, ಯುವಕರು ಗಾಂಧೀಜಿಗೆ ಕಪ್ಪು ಬಾವುಟ ತೋರಿಸುತ್ತಿದ್ದಾರೆ, ಒಪ್ಪಂದ ಮತಕ್ಕೆ ಬಂದಿದೆ. ಅಲ್ಲಿ ಅದು ಅಂಗೀಕಾರವಾಯಿತು. ನಮ್ಮ ಹತ್ತನೇ 'ಬಿ' ವಿಭಾಗದವರು ಕೈ ಎತ್ತಿ ತಿರಸ್ಕರಿಸಿದರು, ಕಾರಣವನ್ನೂ ಬರೆದುಕೊಟ್ಟರು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಒಪ್ಪಂದದ ಪ್ರಶ್ನೆಗೆ ಗೈಡಿನ ವಾಕ್ಯ ಬಿಟ್ಟು ಸ್ವಂತ ಮಾತಿನಲ್ಲಿ ಉತ್ತರಿಸಿದವರು ಮುಕ್ಕಾಲು ಪಾಲು. ಈ ಸುತ್ತಿಗೆ ಇನ್ನೊಂದು ಪೀರಿಯಡ್ ಬೇಕು. ಗಣಿತದವರಿಂದ ಅದನ್ನು ಹೇಗೆ ಗಿಟ್ಟಿಸಿಕೊಳ್ಳುತ್ತೇನೆ ಎಂಬುದನ್ನು ಮಾತ್ರ ಬರೆಯುವುದಿಲ್ಲ. ಅವರೂ ಇದನ್ನು ಓದುತ್ತಾರೆ.